ತೂಕದ ಅಮರಗುಂಡಪ್ಪ ಕೊಲಂಬೊಕ್ಕೆ ಹೋಗಿ ಬಂದದ್ದು

ಮಸ್ಕಿಯ ಹತ್ತಿ ಅಂಗಳದಲ್ಲಿ ತೂಕದ ಕಾಟಾ ಹಿಡಿಯುತ್ತಿದ್ದ ಅಮರಗುಂಡಪ್ಪ ತನ್ನ ನೆರಳನ್ನೂ ಎರಡು ಸಲ ತೂಗಿ ನೋಡುವವನು ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಬೈಗುಳವಲ್ಲ. ತೂಕದವನು ಎಲ್ಲರನ್ನೂ ನಂಬಿದರೆ ಒಂದೋ ರೈತ ಮುಳುಗಬೇಕು, ಇಲ್ಲ ವ್ಯಾಪಾರಿ ಮುಳುಗಬೇಕು. ರೈತ ತಂದ ಹತ್ತಿಯ ಅಂಡಿಗೆಯೊಳಗೆ, ಆ ದೊಡ್ಡ ಚೀಲದೊಳಗೆ, ಅವನು ಭುಜದವರೆಗೆ ಕೈ ತೂರಿಸಿ, ಹೊರತೆಗೆದ ಅಂಗೈ ಮೂಸಿ, ಹತ್ತಿಗೆ ಯಾವ ಹೊತ್ತಿನಲ್ಲಿ ನೀರು ಚಿಮುಕಿಸಿದ್ದಾರೆ ಎಂದು ಹೇಳುತ್ತಿದ್ದ. ದಿನಾ ಮುಂಜಾನೆ ತೂಕದ ಕಲ್ಲುಗಳನ್ನು ಬೋರಲು ಹಾಕಿ, ರಾತ್ರಿ ಯಾರಾದರೂ ಕೆರೆದಿದ್ದಾರೆಯೇ ಎಂದು ಉಗುರಿನಿಂದ ಸವರುತ್ತಿದ್ದ. ದಲಾಲಿಗಳು ಕೊಟ್ಟ ಎಲೆಅಡಿಕೆಯನ್ನು ಹಾಕಿಕೊಳ್ಳುತ್ತಿರಲಿಲ್ಲ. ಹೀಗಾಗಿ ಸಿಂಧನೂರು ತಾಲೂಕಿನ ಸಾಲಗುಂದದಿಂದಲೂ ರೈತರು, ಹಾದಿಯಲ್ಲಿ ಬೇರೆ ಕಾಟಾ ಇದ್ದರೂ ದಾಟಿಕೊಂಡು, ಅವನ ಹತ್ತಿರವೇ ಬಂಡಿ ಬಿಡುತ್ತಿದ್ದರು. ಅವನಿಗೆ ಹೊಲವಿರಲಿಲ್ಲ, ಓದೂ ಇರಲಿಲ್ಲ. ಈ ಒಂದು ಹೆಸರಿನ ಮೇಲೆ ಅವನ ಮನೆಯ ಒಲೆ ಉರಿಯುತ್ತಿತ್ತು.

ಹತ್ತಿಯ ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಅಂಗಳದ ಮುಂದಿನ ಹಾಸುಗಲ್ಲಿನ ಮೇಲೆ ಚದುರಂಗ ನಡೆಯುತ್ತಿತ್ತು. ಮನೆಗಳನ್ನು ಉಳಿಯಿಂದ ಕೊರೆದದ್ದು, ಕಾಯಿಗಳು ಬಡಿಗೇರ ಕಡೆದುಕೊಟ್ಟದ್ದು. ಅಲ್ಲಿಯೂ ಅವನದು ಅದೇ ಗುಣ. ಎದುರಿನವನು ಬಿಟ್ಟಿ ಕಾಯಿ ಮುಂದಿಟ್ಟರೆ, ಇದರ ಹಿಂದೆ ಏನಿದೆ ಎಂದು ಎರಡು ಚಿಲುಮೆ ಮುಗಿಯುವಷ್ಟು ಹೊತ್ತು ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ಕಲ್ಲಿನ ಮೇಲೆ ಅವನನ್ನು ಸೋಲಿಸಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು.

ಆ ಸೀಮೆಯ ಆಟಕ್ಕೆ ಒಂದು ಮರ್ಯಾದೆಯಿತ್ತು. ವಜೀರನಿಂದಲೋ ಆನೆಯಿಂದಲೋ ರಾಜನನ್ನು ಕಟ್ಟಿಹಾಕಿದರೆ ಅದು ಗೆಲುವು, ಅಷ್ಟೆ. ಪ್ಯಾದೆಯಿಂದ, ಅಂದರೆ ಕಾಲಾಳಿನಿಂದ, ಕಟ್ಟಿಹಾಕಿದರೆ ಅದು ಪ್ಯಾದೆಮಾತ್. ಆಗ ಸೋತವನು ಎದ್ದು ನಿಂತು, ಎರಡೂ ಕೈಯಿಂದ ವೀಳ್ಯ ಕೊಡಬೇಕು. ಪ್ಯಾದೆಮಾತ್ ಕೈಗೆಟುಕುವಂತಿದ್ದೂ ವಜೀರನಿಂದ ಮುಗಿಸಿದವನಿಗೆ, 'ಕಟ್ಟಿದ ಕುರಿ ಹೊಡದಾನ' ಎನ್ನುತ್ತಿದ್ದರು. ಅಮರಗುಂಡಪ್ಪ ತನ್ನ ಜೀವಮಾನದಲ್ಲಿ ಆ ಮಾತು ಹೇಳಿಸಿಕೊಂಡವನಲ್ಲ.

ಅವನಿಗೆ ಎದ್ದು ನಿಂತು ವೀಳ್ಯ ಕೊಟ್ಟವರಲ್ಲಿ ಲಿಂಗಸುಗೂರಿನ ವಕೀಲ ಮಹಮ್ಮದಸಾಬರೂ ಒಬ್ಬರು. ಮಸ್ಕಿಯ ಹತ್ತಿರ ಅವರದು ನಾಲ್ಕು ಕೂರಿಗೆ ಎರೆಹೊಲವಿತ್ತು. ಹೊಲ ನೋಡಲು ಬಂದಾಗ ಹಾಸುಗಲ್ಲಿನ ಮುಂದೆ ಕುದುರೆಗಾಡಿ ನಿಲ್ಲಿಸಿ, ಒಂದು ಆಟ ಸೋತು, ನಗುತ್ತಾ ಹೋಗುತ್ತಿದ್ದರು. ಇಷ್ಟು ಸಲ ಸೋತ ಮನುಷ್ಯ ಯಾಕೆ ನಗುತ್ತಾನೆ ಎಂಬುದು ಅಮರಗುಂಡಪ್ಪನಿಗೆ ಬಗೆಹರಿದಿರಲಿಲ್ಲ.

ಫಸಲಿ ಸಾವಿರದ ಮುನ್ನೂರ ನಲವತ್ತೇಳು, ಇಂಗ್ಲಿಷರ ಲೆಕ್ಕದಲ್ಲಿ ಸಾವಿರದ ಒಂಬೈನೂರ ಮೂವತ್ತೇಳರ ಕೊನೆ. ವಕೀಲರು ಒಂದು ಕಾಗದ ಹಿಡಿದುಕೊಂಡು ಬಂದರು. ಸಮುದ್ರದಾಚೆ ಕೊಲಂಬೊದಲ್ಲಿ ಒಂದು ಕ್ಲಬ್ಬಿನವರು ಚದುರಂಗದ ಸ್ಪರ್ಧೆ ಇಟ್ಟಿದ್ದಾರೆ, ಎಂಟು ಜನ ಆಡುತ್ತಾರೆ, ಅಲ್ಲಿ ವ್ಯಾಪಾರ ಮಾಡುವ ತಮ್ಮ ಸೋದರಮಾವನ ಮಗ ಒಂದು ಜಾಗ ಹಿಡಿದಿಟ್ಟಿದ್ದಾನೆ, ಹೋಗಿ ಬರುವ ಖರ್ಚು ತಮ್ಮದು ಎಂದರು.

ಅಮರಗುಂಡಪ್ಪ ಕಾಗದವನ್ನು ತಿರುವಿ ನೋಡಿದ. ಅವನಿಗೆ ತಿಳಿಯದ ಅಕ್ಷರ. ತನ್ನನ್ನು ಕರೆದೊಯ್ದರೆ ವಕೀಲರಿಗೆ ಏನು ಸಿಗುತ್ತದೆ ಎಂದು ಕೇಳಿದ. ನಿಜಾಮರ ಸೀಮೆಯ ಒಬ್ಬ ತೂಕದವನು ಟೋಪಿಯವರ ಮುಂದೆ ಪ್ಯಾದೆಮಾತ್ ಕೊಡುವುದನ್ನು ಕಣ್ಣಾರೆ ನೋಡಬೇಕು, ಮತ್ತೇನಿಲ್ಲ ಎಂದರು ಅವರು. ಮತ್ತೇನಿಲ್ಲ ಎಂಬ ಮಾತೇ ಅವನಿಗೆ ಸರಿಬರಲಿಲ್ಲ. ಅಂಡಿಗೆಯಲ್ಲಿ ಮತ್ತೇನಿಲ್ಲ ಎಂದು ಹೇಳಿದವರ ಹತ್ತಿಯಲ್ಲೇ ಕಲ್ಲು ಸಿಗುತ್ತಿದ್ದವು.

ಹೆಂಡತಿ ಕಸ್ತೂರೆಮ್ಮನ ಅನುಮಾನ ಇನ್ನೂ ದೊಡ್ಡದಿತ್ತು. ಆಟ ಆಡುವುದಕ್ಕೆ ಯಾರಾದರೂ ಹಡಗು ಹತ್ತುತ್ತಾರೆಯೇ? ಸಿಂಹಳಕ್ಕೆ ಜನರನ್ನು ಏನೇನೋ ಆಸೆ ತೋರಿಸಿ ಒಯ್ದು ಚಹದ ತೋಟಕ್ಕೆ ಹಚ್ಚುತ್ತಾರೆಂದು ಅವಳು ಬಳೆಗಾರ್ತಿ ಸಕೀನಾಬೀಯ ಬಾಯಲ್ಲಿ ಕೇಳಿದ್ದಳು.

"ನಲವತ್ತೈದು ವರ್ಷದ ಗಂಡಸಿನ್ನ ಆಟಕ್ಕ ಯಾರು ಒಯ್ತಾರ್ರಿ? ಬೆನ್ನ ಗಟ್ಟಿ ಐತೇನಂತ ನೋಡಿರಬೇಕು ವಕೀಲ," ಎಂದಳು.

ಹತ್ತಿ ದಲಾಲಿ ಕರಿಬಸಯ್ಯ ಮಾತ್ರ, ಹೋಗಿ ಬಾ, ಊರಿಗೆ ಹೆಸರು ಬರುತ್ತದೆ ಎಂದು ಬೆನ್ನು ತಟ್ಟಿದ. ಅವನಿಗೆ ತನ್ನ ಹೆಂಡತಿಯ ತಮ್ಮನನ್ನು ಕಾಟಾಕ್ಕೆ ಕೂಡಿಸುವ ಆಸೆ ಬಹಳ ದಿನದಿಂದ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಬೇಡ ಎಂದಳು, ಕರಿಬಸಯ್ಯ ಹೋಗು ಎಂದ. ಎರಡನ್ನೂ ತೂಗಿದರೆ ಹೋಗದಿರುವುದೇ ಲೇಸು. ಆದರೆ ಹಾಸುಗಲ್ಲಿನ ಮೇಲೆ ಅವನಿಗೆ ಎದುರಾಳಿ ಉಳಿದಿರಲಿಲ್ಲ. ಅವನು ಹೋಗುತ್ತೇನೆ ಎಂದ. ಸುಗ್ಗಿಯ ಮೊದಲ ಬಂಡಿ ಬರುವುದರೊಳಗೆ ತಿರುಗಿ ಬರಬೇಕೆಂದು ವಕೀಲರಿಂದ ಅಂಗಳದವರ ಎದುರಿಗೇ ಮಾತು ತೆಗೆದುಕೊಂಡ.

ಹೋಗುವ ಮುಂಚೆ ಮೂರು ವಾರ ವಕೀಲರು ಅವನಿಗೆ ವಿಲಾಯತಿ ಆಟದ ಕಾಯಿದೆ ಕಲಿಸಿದರು. ನಮ್ಮ ಆಟದಲ್ಲಿ ಪ್ಯಾದೆ ಒಂದೊಂದೇ ಮನೆ ನಡೆಯುತ್ತದೆ. ಅವರದರಲ್ಲಿ ಮೊದಲ ಸಲ ಎರಡು ಮನೆ ಹಾರಬಹುದು. ನಮ್ಮ ರಾಜ ಒಂದು ಸಲ ಕುದುರೆಯಂತೆ ಜಿಗಿಯುತ್ತಾನೆ. ಅವರ ರಾಜ ಆನೆಯ ಪಕ್ಕ ಹೋಗಿ ಅಡಗುತ್ತಾನೆ. ವಕೀಲರ ಹತ್ತಿರ ಇಂಗ್ಲಿಷ್ ಪುಸ್ತಕವೊಂದಿತ್ತು. ಅದರ ಚಿತ್ರವನ್ನು ಕಣ್ಣಿಂದ ನೋಡಿ, ಕಲ್ಲಿನ ಮೇಲೆ ಕಾಯಿ ಇಟ್ಟು ಸರಿನೋಡಿದ ಮೇಲೆಯೇ ಅಮರಗುಂಡಪ್ಪ ಹೂಂ ಅನ್ನುತ್ತಿದ್ದ.

ಒಂದಕ್ಕೆ ಮಾತ್ರ ಚಿತ್ರವಿರಲಿಲ್ಲ. ನಿನ್ನ ಪ್ಯಾದೆ ಎರಡು ಮನೆ ಹಾರಿ ಎದುರಿನವನ ಪ್ಯಾದೆಯ ಪಕ್ಕಕ್ಕೆ ಬಂದು ನಿಂತರೆ, ಅದು ಒಂದೇ ಮನೆ ನಡೆದಿದೆ ಎಂದು ತಿಳಿದು ಅವನು ಅದನ್ನು ಹೊಡೆಯಬಹುದು, ಆದರೆ ಆ ಕ್ಷಣವೇ ಹೊಡೆಯಬೇಕು ಎಂದರು ವಕೀಲರು. ಅಂದರೆ ಪ್ಯಾದೆ ನಿಂತಿರುವುದು ಒಂದು ಮನೆಯಲ್ಲಿ, ಅದನ್ನು ಹೊಡೆಯುವುದು ಖಾಲಿ ಇರುವ ಇನ್ನೊಂದು ಮನೆಯಲ್ಲಿ. ಅಮರಗುಂಡಪ್ಪ ವಕೀಲರ ಮುಖವನ್ನೇ ನೋಡಿದ. ಇಲ್ಲದ ಜಾಗದಲ್ಲಿ ಇರುವ ಕಾಯನ್ನು ಕೊಲ್ಲುವ ಕಾಯಿದೆಯನ್ನು ಯಾವ ದೇಶದ ಹುಚ್ಚನೂ ಮಾಡಲಾರ. ಚಿತ್ರ ಎಲ್ಲಿ ಎಂದ. ಇದಕ್ಕೆ ಚಿತ್ರ ಹಾಕಿಲ್ಲ, ಮಾತಿನಲ್ಲಿ ಬರೆದಿದ್ದಾರೆ ಎಂದರು. ಮೂರು ಬೇರೆ ಬೇರೆ ದಿನ ಹೇಳಿದರು. ಮೂರು ಸಲವೂ ಅವನು ತಲೆಯಾಡಿಸಿದ. ತಲೆಯಾಡಿಸುವುದು ಒಪ್ಪಿಗೆಯಲ್ಲ ಎಂಬುದು ವಕೀಲರಿಗೆ ತಿಳಿಯಲಿಲ್ಲ.

ಒಳಗೆ ಅವನು ಬೇರೆಯೇ ಲೆಕ್ಕ ಹಾಕಿದ್ದ. ಇದೊಂದು ಸುಳ್ಳನ್ನು ಯಾಕೆ ಸೇರಿಸಿರಬಹುದು? ಅಲ್ಲಿ ಯಾರೋ ಪಣ ಕಟ್ಟಿರಬೇಕು. ವಕೀಲ ಎದುರಿನವನ ಕಡೆ ಕಟ್ಟಿರಬೇಕು. ಪ್ಯಾದೆ ಹಾರಿಸಲು ಅಂಜಿ ಅಂಜಿ ನಾನು ಸೋಲಲಿ ಎಂದೇ ಈ ಹುಳವನ್ನು ನನ್ನ ತಲೆಯಲ್ಲಿ ಬಿಟ್ಟಿದ್ದಾನೆ. ಹೀಗೆ ತಿಳಿದ ಮೇಲೆ ಅವನಿಗೆ ಸಮಾಧಾನವಾಯಿತು. ಕಡೆಗೂ ವಕೀಲರ ಲಾಭ ಎಲ್ಲಿದೆ ಎಂಬುದು ಸಿಕ್ಕಂತಾಯಿತು.

ರಾಯಚೂರಿನಿಂದ ರೈಲು ಹತ್ತಿದರು. ಮದರಾಸು ಬಂತು, ಅಲ್ಲಿಂದ ಇನ್ನೊಂದು ರೈಲು. ಅಮರಗುಂಡಪ್ಪ ಮೂರು ದಿನ ಕಸ್ತೂರೆಮ್ಮ ಕಟ್ಟಿಕೊಟ್ಟ ಕಟಕ ರೊಟ್ಟಿ, ಗುರೆಳ್ಳು ಪುಡಿಯನ್ನೇ ತಿಂದ. ಸಮುದ್ರದ ಈಚೆ, ಮಂಡಪಂನಲ್ಲಿ, ಹಡಗು ಹತ್ತುವವರ ಕಣ್ಣು ನಾಲಿಗೆ ನೋಡುವ ವೈದ್ಯರಿದ್ದರು. ಅಲ್ಲಿ ತಂತಿಬೇಲಿಯ ಆಚೆ ನೂರಾರು ಗಂಡಸರು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಚಹದ ತೋಟಕ್ಕೆ ಹೋಗುವವರು ಎಂದು ವಕೀಲರೇ ಹೇಳಿದರು. ಅವನ ಕಾಲು ನಿಂತಲ್ಲೇ ನಿಂತವು. ವಕೀಲರು ಯಾವ ಬಾಗಿಲಿಗೆ ಹೋಗುತ್ತಾರೆ ಎಂದು ನೋಡಿದ. ಅವರು ಬೇಲಿಯ ಕಡೆ ಹೋಗದೆ, ಬೇರೆ ಬಾಗಿಲಿಗೆ ಹೋಗಿ, ಇಬ್ಬರ ಚೀಟಿ ತೋರಿಸಿದ ಮೇಲೆ ಅವನು ಹೆಜ್ಜೆ ಕಿತ್ತ. ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ತನ್ನ ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದ.

ಕೊಲಂಬೊದಲ್ಲಿ ಅವನು ಆಡಿದ್ದು ಏಳು ಆಟ. ಮೇಜಿನ ಮೇಲೆ ಎರಡು ಮುಖದ ಗಡಿಯಾರವಿತ್ತು. ತನ್ನ ಕಡೆಯದು ಹೆಚ್ಚು ಓಡುತ್ತದೆಂಬ ಅನುಮಾನಕ್ಕೆ ಅವನು ಮೊದಲ ದಿನ ನಾಡಿ ಹಿಡಿದುಕೊಂಡು ಎರಡನ್ನೂ ಸರಿನೋಡಿದ. ಜನ ನಕ್ಕರು. ಎರಡನೆಯ ದಿನ ನಗಲಿಲ್ಲ, ಯಾಕೆಂದರೆ ಮೊದಲ ದಿನದ ಎರಡೂ ಆಟ ಅವನು ಗೆದ್ದಿದ್ದ. ಆರು ಆಟ ಮುಗಿದಾಗ ಐದು ಗೆದ್ದು ಒಂದು ಸಮ ಮಾಡಿಕೊಂಡಿದ್ದ. ಅವನಷ್ಟೇ ಗೆದ್ದವನು ಇನ್ನೊಬ್ಬನಿದ್ದ, ಕನ್ನಡಕ ಹಾಕಿದ ಒಬ್ಬ ಸಾಲೆ ಮಾಸ್ತರ. ಕೊನೆಯ ಆಟ ಇವರಿಬ್ಬರದು. ಗೆದ್ದವನಿಗೆ ಮೊದಲ ಜಾಗ.

ಅವತ್ತು ಮುಂಜಾನೆ ಆ ಮಾಸ್ತರನು ಅಮರಗುಂಡಪ್ಪ ಇಳಿದುಕೊಂಡಿದ್ದ ಮನೆಯ ಬಾಗಿಲಿಗೆ ಬಂದು, ಏನೋ ಹೇಳಿ, ಒಂದು ಚಹಪುಡಿಯ ಪೊಟ್ಟಣ ಕೈಯಲ್ಲಿಟ್ಟ. ಬೇಡ ಎನ್ನಲು ಅಮರಗುಂಡಪ್ಪನಿಗೆ ಅವನ ಭಾಷೆ ಬರುತ್ತಿರಲಿಲ್ಲ. ತಲೆ ಅಡ್ಡಡ್ಡ ಆಡಿಸಿದರೆ ಅವನು ಇನ್ನಷ್ಟು ನಕ್ಕು ಕೈಮುಗಿದು ಹೋದ. ಅಮರಗುಂಡಪ್ಪ ಪೊಟ್ಟಣ ಮೂಸಿ, ಅದನ್ನು ಕುಡಿಯಬಾರದೆಂದು ನಿಶ್ಚಯಿಸಿ, ಗಂಟಿನ ತಳಕ್ಕೆ ಸೇರಿಸಿದ. ವಕೀಲರು ಮೇಲಿನ ಪಡಸಾಲೆಯಲ್ಲಿ ನಿಂತು ಇದನ್ನು ನೋಡಿದರು. ಇಪ್ಪತ್ತು ವರ್ಷದಲ್ಲಿ ಒಂದು ಎಲೆಅಡಿಕೆ ತೆಗೆದುಕೊಳ್ಳದ ಮನುಷ್ಯ ಇವನು ಎಂದುಕೊಂಡರು.

ಆಟ ಮಧ್ಯಾಹ್ನದವರೆಗೆ ನಡೆಯಿತು. ಅಮರಗುಂಡಪ್ಪ ಎದುರಿನ ರಾಜನನ್ನು ಮನೆಯಿಂದ ಹೊರಗೆಳೆದು, ಹಲಗೆಯ ನಡುವಿನವರೆಗೆ ಅಟ್ಟಿಸಿಕೊಂಡು ತಂದಿದ್ದ. ವಜೀರನನ್ನು ಒಂದು ಮನೆ ಸರಿಸಿದ್ದರೆ ಅಲ್ಲಿಗೇ ಮಾತ್. ನೋಡುತ್ತಿದ್ದವರಿಗೆಲ್ಲ ಅದು ಕಾಣುತ್ತಿತ್ತು, ವಕೀಲರಿಗೂ ಕಾಣುತ್ತಿತ್ತು. ಅಮರಗುಂಡಪ್ಪನಿಗೆ ಇನ್ನೊಂದೂ ಕಾಣುತ್ತಿತ್ತು. ಅವನ ಬಲಗಡೆಯ ಒಂದು ಪ್ಯಾದೆ ಇನ್ನೂ ಎದ್ದಿರಲಿಲ್ಲ. ಅದು ಎರಡು ಮನೆ ಹಾರಿದರೆ ಪ್ಯಾದೆಮಾತ್. ರಾಜನಿಗೆ ಓಡಲು ಮನೆಯಿಲ್ಲ, ಆ ಪ್ಯಾದೆಯನ್ನು ಹೊಡೆಯಲು ಯಾವ ಕಾಯೂ ಇಲ್ಲ. ಪಕ್ಕದ ಮನೆಯಲ್ಲಿ ಎದುರಿನವನ ಪ್ಯಾದೆಯೊಂದು ನಿಂತಿತ್ತು, ನಿಜ. ಆದರೆ ಪಕ್ಕಕ್ಕೆ ಪ್ಯಾದೆ ಹೊಡೆಯುವುದಿಲ್ಲ.

ಅವನು ವಕೀಲರ ಕಡೆ ಒಮ್ಮೆ ನೋಡಿದ. ಅವರ ಮುಖ ಬಿಗಿದಿತ್ತು. ಅವರ ಪಣ ಹೋಗುತ್ತದೆಂದು ಹೆದರಿದ್ದಾರೆ ಎಂದುಕೊಂಡ. ಪ್ಯಾದೆಯನ್ನು ಎತ್ತಿ ಎರಡು ಮನೆ ಮುಂದಿಟ್ಟು, "ಮಾತ್" ಎಂದ.

ಮಾಸ್ತರ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ತನ್ನ ಪ್ಯಾದೆಯನ್ನು ಓರೆಯಾಗಿ ಖಾಲಿ ಮನೆಗೆ ಸರಿಸಿ, ಅಮರಗುಂಡಪ್ಪನ ಪ್ಯಾದೆಯನ್ನು ಎತ್ತಿ ಹಲಗೆಯ ಹೊರಗಿಟ್ಟ. ಆ ಪ್ಯಾದೆ ಜಾಗ ಬಿಟ್ಟದ್ದರಿಂದ ಅದರ ಹಿಂದಿದ್ದ ಆನೆಗೆ ದಾರಿ ತೆರೆದು, ಅಮರಗುಂಡಪ್ಪನ ರಾಜನಿಗೇ ಶಹ ಬಿತ್ತು.

ಅಮರಗುಂಡಪ್ಪ ಎದ್ದು ನಿಂತು ಅವನ ಮುಂಗೈ ಹಿಡಿದ. ಕಳ್ಳನನ್ನು ಹಿಡಿದಂತೆ ಹಿಡಿದಿದ್ದ. ಪಂಚರು ಬಂದು ಬಿಡಿಸಿ, ಒಂದು ಪುಸ್ತಕ ತೆರೆದು ತೋರಿಸಿದರು. ಆ ಪುಸ್ತಕದಲ್ಲಿ ಚಿತ್ರವಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿ ಕೂತುಕೊಂಡ. ಏಳೆಂಟು ನಡೆಯಲ್ಲಿ ವಜೀರ ಹೋದ, ಆಟ ಹೋಯಿತು.

ತಿರುಗಿ ಬರುವ ಹಡಗಿನ ಕಟಾಂಜನದ ಹತ್ತಿರ ವಕೀಲರು ಒಂದೇ ಪ್ರಶ್ನೆ ಕೇಳಿದರು.

"ಮೂರ ಸಲ ಹೇಳಿದ್ದೆ. ವಜೀರನ ಮಾತ್ ನಿನ್ನ ಕಣ್ಣ ಮುಂದ ಇತ್ತು. ಯಾಕ ಹಂಗ ಮಾಡಿದಿ?"

ಅದಕ್ಕೆ ಉತ್ತರ ಒಂದೇ ಇತ್ತು. ನೀವು ಹೇಳಿದ್ದು ಸುಳ್ಳೆಂದು ತಿಳಿದಿದ್ದೆ. ತನ್ನ ಖರ್ಚಿನಲ್ಲಿ ಸಮುದ್ರ ದಾಟಿಸಿದ ಮನುಷ್ಯನ ಮುಖಕ್ಕೆ ಅದನ್ನು ಹೇಳಲು ಅಮರಗುಂಡಪ್ಪನ ಬಾಯಿ ಏಳಲಿಲ್ಲ. ಅವನು ನೀರು ನೋಡುತ್ತಾ ನಿಂತ. ವಕೀಲರು ಮತ್ತೆ ಕೇಳಲಿಲ್ಲ. ಕೋರ್ಟಿನಲ್ಲಿ ಬಾಯಿ ಬಿಡದ ಆಪಾದಿತರನ್ನು ಅವರು ಸಾಕಷ್ಟು ನೋಡಿದ್ದರು.

ರಾಯಚೂರಿನಲ್ಲಿ ನಿಜಾಮ ಸರ್ಕಾರದ ಕರೋಡ್‌ಗಿರಿ ನಾಕಾದವರು, ಹೊರಗಿನ ಸರಕಿಗೆ ಸುಂಕ ಹಾಕುವವರು, ಗಂಟು ಬಿಚ್ಚಿಸಿದರು. ಪೊಟ್ಟಣ ಹೊರಬಂತು. ಯಾರು ಕೊಟ್ಟದ್ದೆಂದು ಕೇಳಿದರು. ಆಟದಲ್ಲಿ ಎದುರಿಗೆ ಕೂತಿದ್ದವನು ಕೊಟ್ಟದ್ದೆಂದು ಇವನು ಇದ್ದದ್ದನ್ನೇ ಹೇಳಿದ. ಅವರು ಮೂಸಿ ಹಿಂತಿರುಗಿಸಿದರು. ಸಾಲಿನಲ್ಲಿ ಹಿಂದೆ ನಿಂತಿದ್ದವನು ಮಸ್ಕಿಯ ಒಬ್ಬ ಅರಿವೆ ವ್ಯಾಪಾರಿ. ಅವನು ಇವರಿಗಿಂತ ಮುಂಚೆ ಮೋಟಾರು ಹಿಡಿದು ಊರು ಸೇರಿದ.

ಅಮರಗುಂಡಪ್ಪ ಊರಿಗೆ ಬರುವಷ್ಟರಲ್ಲಿ ಆಟ ಸೋಲಲು ಕೊಟ್ಟ ಬಂಗಾರ ಚಹಪುಡಿಯ ಒಳಗಿತ್ತು ಎಂಬಲ್ಲಿಗೆ ಮಾತು ಬಂದಿತ್ತು. ಕರಿಬಸಯ್ಯ ತಾನಾಗಿ ಏನೂ ಹೇಳುತ್ತಿರಲಿಲ್ಲ. ಕೇಳಿದವರಿಗೆ, ನಮಗ್ಯಾಕಪ್ಪ, ವಕೀಲರನ್ನೇ ಕೇಳ್ರಿ ಎನ್ನುತ್ತಿದ್ದ. ಲಿಂಗಸುಗೂರಿಗೆ ಹೋದವರು ವಕೀಲರನ್ನು ಕೇಳಿಯೂ ಕೇಳಿದರು. ಅವರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಹತ್ತಿ ಬರತೊಡಗಿತು. ಮೊದಲ ಸಂತೆಯ ದಿನ ಸಾಲಗುಂದದ ಗದ್ದೆಪ್ಪ ಮೂರು ಬಂಡಿ ತಂದು ಅಂಗಳದಲ್ಲಿ ಬಿಟ್ಟ. ಹದಿನಾಲ್ಕು ವರ್ಷದಿಂದ ಅಮರಗುಂಡಪ್ಪನ ಕಾಟಾಕ್ಕೇ ಹತ್ತಿ ಹಾಕಿದವನು. ಎತ್ತಿನ ಕೊರಳು ಬಿಚ್ಚಿದ, ನೀರು ಕುಡಿಸಿದ, ಅಂಡಿಗೆ ಮಾತ್ರ ಇಳಿಸಲಿಲ್ಲ.

"ಇಳಿಸಲೇ ಗದ್ದೆಪ್ಪ, ಬಿಸಲ ಏರಾಕತ್ತೈತಿ."

"ಇಳಸ್ತೀನಿ ಅಮರಗುಂಡಣ್ಣ. ಕರಿಬಸಯ್ಯಾರು ಇನ್ನೊಂದ ಕಾಟಾ ತರಸ್ತಾರಂತ. ಎರಡರಾಗೂ ಹಾಕಿ ನೋಡೂಣು."

"ಯಾಕ?"

ಗದ್ದೆಪ್ಪ ಎತ್ತಿನ ಬೆನ್ನು ಸವರುತ್ತಾ ಹೇಳಿದ. "ಆಟದಾಗ ಏನಾತೋ ನನಗ ತಿಳಿಯೂದಿಲ್ಲ. ನೀನೂ ಹೇಳವಲ್ಲಿ. ನನ್ನ ಅಂಡಿಗ್ಯಾಗ ನೀ ದಿನಾ ಕೈ ಹಾಕಿದಿ, ನಾ ಬ್ಯಾಡ ಅಂದಿಲ್ಲ. ಈಗ ನಂದೊಂದ ಪಾಳಿ ಅಂತ ತಿಳಕೋ."

ಆ ದಿನ ಹನ್ನೊಂದು ಬಂಡಿಗಳ ಹತ್ತಿಯನ್ನು ಎರಡೆರಡು ಸಲ ತೂಗಿದರು. ಒಂದು ಗುಂಜಿಯೂ ಹೆಚ್ಚುಕಡಿಮೆ ಬರಲಿಲ್ಲ. ಅದರಿಂದ ಏನೂ ಉಪಯೋಗವಾಗಲಿಲ್ಲ. ಇವತ್ತು ನೋಡುತ್ತಾರೆಂದು ಸರಿಯಾಗಿ ತೂಗಿದ್ದಾನೆ ಎಂದರು. ಮುಂದಿನ ಸಂತೆಯಿಂದ ಎರಡನೆಯ ಕಾಟಾ ಅಲ್ಲೇ ಉಳಿಯುತ್ತದೆ, ಅದರ ಮುಂದೆ ತನ್ನ ಹೆಂಡತಿಯ ತಮ್ಮ ಕೂಡುತ್ತಾನೆ ಎಂದು ಕರಿಬಸಯ್ಯ ತಿಳಿಸಿದ.

ಕಸ್ತೂರೆಮ್ಮ ಚಹಪುಡಿಯನ್ನು ಬೀದಿಗೆ ಚೆಲ್ಲಿ ಬಂದು ಗಂಡನ ಎದುರು ಕೂತಳು. ನಡೆದದ್ದನ್ನು ಕೇಳಿ ತಿಳಿದುಕೊಂಡಳು. ಅವಳು ಸಮಾಧಾನ ಹೇಳುವ ಹೆಂಗಸಲ್ಲ.

"ಕಳ್ಳ ಅನ್ನಿಸಿಕೊಂಡರ ಕಾಟಾ ಹೋಗತೈತಿ. ಹುಚ್ಚ ಅನ್ನಿಸಿಕೊಂಡರ ಕಾಟಾ ಉಳಿತೈತಿ. ಯಾವದ ಬೇಕ ಹೇಳ್ರಿ," ಎಂದಳು.

ಮರುದಿನ ಅವನು ಆರು ಹರದಾರಿ ನಡೆದು ಲಿಂಗಸುಗೂರಿಗೆ ಹೋದ. ವಕೀಲರ ಪಡಸಾಲೆಯಲ್ಲಿ ನಾಲ್ಕು ಜನ ಕಕ್ಷಿದಾರರು ಕೂತಿದ್ದರು. ವಕೀಲರು ಅವರನ್ನು ಎಬ್ಬಿಸಲಿಲ್ಲ. ಹಾದಿಯುದ್ದಕ್ಕೂ ಅಮರಗುಂಡಪ್ಪ ಈ ಮಾತನ್ನು ಏಕಾಂತದಲ್ಲಿ ಹೇಳಬಹುದೆಂದುಕೊಂಡಿದ್ದ. ಈಗ ನಾಲ್ಕು ಜನರ ಮುಂದೆಯೇ ಹೇಳಬೇಕಾಯಿತು.

"ವಕೀಲಸಾಬ್ರ, ಆ ಪ್ಯಾದಿ ಕಾಯಿದೆ ನೀವು ಹೇಳಿದ್ದು ಸುಳ್ಳಂತ ತಿಳಿದಿದ್ನಿರಿ."

ವಕೀಲರು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಿದರು. "ಉಳದದ್ದೆಲ್ಲ ನಂಬಿದಿ, ಇದೊಂದ ಸುಳ್ಳಾತು?"

"ಉಳದದ್ದಕ್ಕ ಚಿತ್ರ ಇತ್ರಿ."

"ನಾ ಯಾಕ ಸುಳ್ಳ ಹೇಳಲಿ ನಿನಗ?"

ಅಮರಗುಂಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನೀವು ಎದುರಿನವನ ಕಡೆ ಪಣ ಹಚ್ಚೀರಿ ಅಂದುಕೊಂಡಿದ್ನಿರಿ. ನನ್ನ ಸೋಲಸಾಕಂತನ ಕರಕೊಂಡ ಬಂದೀರಿ ಅಂತ. ಹಡಗಿನ್ಯಾಗ ನೀವು ಕೇಳಿದಾಗ ಇದನ್ನ ಹೆಂಗ ಹೇಳಲಿ ಅಂತ ಸುಮ್ನಾದ್ನಿ."

ಕಕ್ಷಿದಾರರಲ್ಲಿ ಒಬ್ಬ ಕೆಮ್ಮಿದ. ವಕೀಲರು ಲೇಖನಿಯನ್ನು ಮಸಿಕುಡಿಕೆಯಲ್ಲಿ ಇಟ್ಟರು. ಊರಿಗೆ ತಿರುಗಲು ಹಡಗು ಹತ್ತಿದ ದಿನದಿಂದ ತಾವು ಇವನ ಬಗ್ಗೆ ಏನು ಯೋಚಿಸಿದ್ದರೋ, ಮೋಸಗಾರನೆಂದು, ಅದನ್ನೇ ಇವನು ಅದಕ್ಕೂ ತಿಂಗಳ ಮುಂಚಿನಿಂದ ತಮ್ಮ ಬಗ್ಗೆ ಯೋಚಿಸಿಕೊಂಡು, ತಮ್ಮ ಜೊತೆಯಲ್ಲೇ ಉಂಡು, ಪಯಣ ಮಾಡಿದ್ದ. ಅವರ ಕಿವಿ ಕೆಂಪಾದವು. ಮುಂದಿನ ಸಂತೆ ಯಾವ ದಿನ ಎಂದಷ್ಟೇ ಕೇಳಿದರು.

ಸಂತೆಯ ದಿನ ಕುದುರೆಗಾಡಿ ಹಾಸುಗಲ್ಲಿನ ಮುಂದೆ ನಿಂತಿತು. ವಕೀಲರು ಕೆಳಗಿಳಿಯಲಿಲ್ಲ. ಗಾಡಿಯಲ್ಲಿ ಕೂತೇ, ಅಂಗಳಕ್ಕೆಲ್ಲ ಕೇಳುವ ಹಾಗೆ ಮಾತಾಡಿದರು.

"ಇಂವ ಆಟ ಮಾರಿಲ್ಲ. ಮೂವತ್ತ ವರ್ಷ ಸುಳ್ಳ ಸಾಕ್ಷಿ ನೋಡೀನಿ ನಾ. ಸುಳ್ಳ ಹೇಳಾಂವ ತನಗ ಒಳ್ಳೇದಾಗೂದನ್ನ ಹೇಳ್ತಾನ, ಕೇಳಾಂವಗ ಹಿತಾ ಆಗೂದನ್ನ ಹೇಳ್ತಾನ. ಇಂವ ನಾಕ ಮಂದಿ ಮುಂದ ನನ್ನ ಮಾರಿಗೆ ನೀ ಸುಳ್ಳಗಾರ ಅಂತ ತಿಳಿದಿದ್ನಿ, ಅದಕ್ಕ ಸೋತ್ನಿ ಅಂದಾನ. ಇಂಥಾದ್ದನ್ನ ಕಟ್ಟಿ ಹೇಳುವಷ್ಟು ಬುದ್ಧಿ ಇಂವಗಿಲ್ಲ. ಹುಚ್ಚ ಇದ್ದಾನ. ಕಳ್ಳ ಅಲ್ಲ."

ಜನ ನಕ್ಕರು. ಗದ್ದೆಪ್ಪನೂ ನಕ್ಕ, ನಗುತ್ತಲೇ ಅಂಡಿಗೆ ಇಳಿಸಿ ಅಮರಗುಂಡಪ್ಪನ ಕಾಟಾಕ್ಕೆ ಹಾಕಿದ. ಎರಡನೆಯ ಕಾಟಾ ಮಧ್ಯಾಹ್ನದವರೆಗೆ ಖಾಲಿ ತೂಗಾಡಿತು. ಕರಿಬಸಯ್ಯ ಅದನ್ನು ಬಿಚ್ಚಿಸಿ ಒಯ್ದ.

ಅಮರಗುಂಡಪ್ಪ ಕೃತಜ್ಞತೆ ಹೇಳಲು ಗಾಡಿಯ ಹತ್ತಿರ ಹೋದ. ವಕೀಲರು ಕುದುರೆ ಹೊಡೆಯುವವನಿಗೆ ನಡೆ ಎಂದರು.

ಅವರು ಅವನ ಜೊತೆ ಮತ್ತೆ ಚದುರಂಗ ಆಡಲಿಲ್ಲ. ಆ ವರ್ಷ ಅವರ ಹೊಲದ ಹತ್ತಿ ಐದು ಬಂಡಿ ಬಂತು. ಬಂಡಿಗಳು ಮಸ್ಕಿಯ ಅಂಗಳದ ಮುಂದೆಯೇ ಹಾದು, ನಿಲ್ಲದೆ, ಸಿಂಧನೂರಿನ ಕಾಟಾಕ್ಕೆ ಹೋದವು. ಮುಂದಿನ ವರ್ಷವೂ ಹೋದವು. ಇಷ್ಟು ದೂರ ಯಾಕೆ ಹೊಡೆಯುತ್ತೀ ಎಂದು ಯಾರೋ ಬಂಡಿಯವನನ್ನು ಕೇಳಿದರೆ, ಸಾಬರ ಹುಕುಂ ಎಂದ. ಆಗ ಅಮರಗುಂಡಪ್ಪ ಬೇರೆ ಯಾರದೋ ಅಂಡಿಗೆಯಲ್ಲಿ ಭುಜದವರೆಗೆ ಕೈ ಹಾಕಿದ್ದ. ಒಮ್ಮೆ ರಸ್ತೆಯ ಕಡೆ ನೋಡಿ, ಕೈ ಹೊರತೆಗೆದು, ಹತ್ತಿ ಒಣಗಿದೆ, ತೂಗಬಹುದು ಎಂದ.